ಪೆಡಲಿನ ಮೇಲೆ ಅತ್ತೆಯ ಕಾಲು

ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಹೋಗುವ ರಸ್ತೆಯಲ್ಲಿ ಅದಿರು ಲಾರಿಯ ಹಿಂದೆ ಕಾರು ನಿಲ್ಲಿಸಿದವರಿಗೆಲ್ಲ ಒಂದು ಸದ್ದು ಗೊತ್ತಿರುತ್ತದೆ. ಚಾಲಕ ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಲಾರಿಯ ಅಡಿಯಿಂದ ‘ಉಸ್ಸ್’ ಎಂದು ಗಾಳಿ ಹೊರಬರುತ್ತದೆ, ಕೆಂಪು ಧೂಳು ಎದ್ದು ನಮ್ಮ ಗಾಜಿನ ಮೇಲೆ ಕೂರುತ್ತದೆ. ಆ ಲಾರಿ ನಿಲ್ಲುವುದೇ ಗಾಳಿಯ ಬಲದಿಂದ. ಕಂಪ್ರೆಸರ್ ಗಾಳಿಯನ್ನು ಟ್ಯಾಂಕಿನಲ್ಲಿ ಒತ್ತಿ ತುಂಬಿಡುತ್ತದೆ, ಪೆಡಲ್ ಒತ್ತಿದಾಗ ಆ ಗಾಳಿ ಹರಿದು ಬ್ರೇಕ್ ಹಿಡಿಯುತ್ತದೆ. ಅದರ ಹಿಂದೆ ನಿಂತ ನನ್ನ ಸಣ್ಣ ಕಾರಿನ ಕಥೆ ಇದಕ್ಕೆ ತದ್ವಿರುದ್ಧ. ದ್ರವ ತುಂಬಿದ ಇದರ ಬ್ರೇಕ್ ಕೊಳವೆಯೊಳಗೆ ಒಂದು ಚಮಚ ಗಾಳಿ ಸೇರಿದರೆ ಸಾಕು, ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ಆ ಗಾಳಿಯನ್ನು ಹೊರಹಾಕುವುದಕ್ಕೆ ಗ್ಯಾರೇಜಿನವರು ಬ್ಲೀಡಿಂಗ್ ಎನ್ನುತ್ತಾರೆ, ಕೆಲವರು ‘ಏರ್ ತೆಗೆಯುವುದು’ ಎನ್ನುತ್ತಾರೆ. ನಾನು ಈ ಕೆಲಸವನ್ನು ಮನೆಯ ಅಂಗಳದಲ್ಲಿ ಮಾಡುತ್ತೇನೆ. ಪಾನಾ ಹಿಡಿದು ಚಕ್ರದ ಬಳಿ ಕೂರುವವಳು ನಾನು, ಒಳಗೆ ಕುಳಿತು ಪೆಡಲ್ ಒತ್ತುವವರು ನಮ್ಮ ಅತ್ತೆ. ದುಡ್ಡು ಉಳಿಸುವ ಲೆಕ್ಕ ಇದರಲ್ಲಿಲ್ಲ, ಉಳಿಯುವುದೂ ಅಷ್ಟಕ್ಕಷ್ಟೇ. ದಿನವೂ ಟಿಪ್ಪರುಗಳ ನಡುವೆ ಓಡಾಡುವವಳಿಗೆ ತನ್ನ ಪಾದದಡಿ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ ಎಂಬುದು ಸ್ವಂತ ಕಣ್ಣಿನಿಂದ ಗೊತ್ತಿರಬೇಕು ಎಂಬುದು ನನ್ನ ಹಟ. ಇಬ್ಬರು ಸೇರಿ ಈ ಕೆಲಸ ಮಾಡಿದಾಗ ಅವರ ನಡುವೆ ಒಂದು ಬಗೆಯ ನಂಬಿಕೆ ಬೆಳೆಯುತ್ತದೆ ಎಂಬುದು ನನ್ನ ಅನುಭವ. ಅದರ ಬಗ್ಗೆಯೂ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದ ನನಗೆ ಪಾಸ್ಕಲ್ ನಿಯಮವನ್ನು ಬೋರ್ಡಿನ ಮೇಲೆ ಬರೆದು ಅಭ್ಯಾಸ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. 17ನೇ ಶತಮಾನದ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕಂಡುಕೊಂಡ ಈ ಸಂಗತಿ ಕಾರಿನ ನಾಲ್ಕೂ ಚಕ್ರಗಳಿಗೆ ಬಂದು ತಲುಪಲು ಬಹಳ ಕಾಲ ಹಿಡಿಯಿತು. ಮೊದಲಿನ ಕಾರುಗಳಲ್ಲಿ ಬ್ರೇಕಿಗೆ ಕಬ್ಬಿಣದ ಸರಳು, ತಂತಿ ಇರುತ್ತಿದ್ದವು. ಒಂದು ಚಕ್ರದ ತಂತಿ ಸ್ವಲ್ಪ ಬಿಗಿಯಾಗಿ ಇನ್ನೊಂದು ಸಡಿಲವಾದರೆ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ತಂತಿಯ ಬದಲು ದ್ರವ ಬಳಸುವ ಬ್ರೇಕನ್ನು ರೂಪಿಸಿದರು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಹೊತ್ತು ರಸ್ತೆಗೆ ಬಂತು. ದ್ರವಕ್ಕೆ ಬಿಗಿ, ಸಡಿಲ ಎಂಬ ತಂಟೆ ಇಲ್ಲ. ಒಂದೇ ಪಾದದ ಬಲವನ್ನು ಅದು ಕೊಳವೆಯ ಉದ್ದಕ್ಕೂ ಸಮನಾಗಿ ಒಯ್ದು ಹಂಚುತ್ತದೆ. ತರಗತಿಯಲ್ಲಿ ಎರಡು ಸಿರಿಂಜುಗಳ ನಡುವೆ ಪ್ಲಾಸ್ಟಿಕ್ ನಳಿಕೆ ಜೋಡಿಸಿ, ನೀರು ತುಂಬಿ ತೋರಿಸುತ್ತೇನೆ. ಒಂದನ್ನು ಒತ್ತಿದರೆ ಇನ್ನೊಂದು ತಕ್ಷಣ ಎದ್ದು ಬರುತ್ತದೆ. ಆಮೇಲೆ ಬೇಕೆಂದೇ ನಳಿಕೆಯಲ್ಲಿ ಒಂದಿಷ್ಟು ಗಾಳಿ ಬಿಟ್ಟು ಮಕ್ಕಳ ಕೈಗೆ ಕೊಡುತ್ತೇನೆ. ಒತ್ತಿದ ಹುಡುಗಿಯ ಹೆಬ್ಬೆರಳು ಒಳಗೆ ಹೋಗುತ್ತದೆ, ಆಚೆ ಬದಿಯ ಪಿಸ್ಟನ್ ತಡವಾಗಿ, ಅರೆಮನಸ್ಸಿನಿಂದ ಅಲುಗುತ್ತದೆ. ‘ಮೇಡಂ, ಇದು ಮೆತ್ತಗಿದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬ್ರೇಕಿನ ದೋಷವನ್ನು ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಸಿರುಗುಪ್ಪದ ಕಡೆ ಕಾಲುವೆಗೆ ಪಂಪ್‌ಸೆಟ್ ಇಟ್ಟ ರೈತರಿಗೆ ಈ ತೊಂದರೆ ಬೇರೆ ರೂಪದಲ್ಲಿ ಪರಿಚಿತ. ಸಕ್ಷನ್ ಪೈಪಿಗೆ ಗಾಳಿ ಹಿಡಿದರೆ ಮೋಟಾರು ಎಷ್ಟು ತಿರುಗಿದರೂ ನೀರು ಏರುವುದಿಲ್ಲ. ಪೈಪಿನ ತುಂಬ ನೀರು ಸುರಿದು, ಗಾಳಿ ಬುಳಬುಳ ಎಂದು ಹೊರಟ ಮೇಲೆಯೇ ಪಂಪು ಕೆಲಸಕ್ಕೆ ಬರುವುದು. ಬ್ರೇಕಿನಲ್ಲಿ ಮೋಟಾರಿನ ಜಾಗದಲ್ಲಿ ನಮ್ಮ ಕಾಲಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಪೆಡಲ್ ಒತ್ತಿದಾಗ ದ್ರವವನ್ನು ಕೊಳವೆಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಎಂದಿಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 3.14 ಚದರ ಸೆಂ.ಮೀ. ಕೊಳವೆಯಲ್ಲಿ ಎಲ್ಲೋ 1 ಘನ ಸೆಂ.ಮೀ. ಗಾಳಿ ಕೂತಿದೆ. ಜೋರಾಗಿ ಬ್ರೇಕ್ ಒತ್ತಿ ಒಳಗಿನ ಒತ್ತಡ ವಾತಾವರಣದ 50 ಪಟ್ಟು ಏರಿದರೆ ಬಾಯ್ಲನ ನಿಯಮದಂತೆ ಆ ಗಾಳಿ ಐವತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಅಂದರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಅದು ಬಿಟ್ಟುಹೋದ ಜಾಗ ತುಂಬಲು ಪಿಸ್ಟನ್ 3 ಮಿ.ಮೀ.ಗಿಂತ ತುಸು ಹೆಚ್ಚು ಮುಂದೆ ಸರಿಯಬೇಕು. ಪೆಡಲ್ ಒಂದು ಸನ್ನೆಕೋಲು. ಅದರ ಅನುಪಾತ 4 ಎಂದಾದರೆ ಪಾದ ಸುಮಾರು 13 ಮಿ.ಮೀ. ಸುಮ್ಮನೆ ಇಳಿಯುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಟೀ ಚಮಚದಷ್ಟು, ಅಂದರೆ 5 ಘನ ಸೆಂ.ಮೀ. ಗಾಳಿ ಇದ್ದರೆ 6 ಸೆಂ.ಮೀ.ಗೂ ಹೆಚ್ಚು ಇಳಿತ ವ್ಯರ್ಥ. ಪೆಡಲಿಗೆ ಅದಕ್ಕಿಂತ ಹೆಚ್ಚಿನ ಜಾಗವೇ ಉಳಿದಿರುವುದಿಲ್ಲ. ‘ಎರಡು ಸಲ ಪಂಪ್ ಮಾಡಿ, ಸಿಗುತ್ತದೆ’ ಎಂದು ಸಲಹೆ ಕೊಡುವವರಿದ್ದಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಆ ಎರಡನೆಯ ಪಂಪಿಗೆ ಅರ್ಧ ಸೆಕೆಂಡು ಬೇಕಾದರೂ 8 ಮೀಟರ್ ಹೋಯಿತು. ಲಾರಿಯ ಹಿಂದೆ ನಾವು ಬಿಡುವ ಅಂತರ ಎಷ್ಟು ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ.

ಸುಸ್ಥಿತಿಯಲ್ಲಿರುವ ಬ್ರೇಕಿಗೆ ಗಾಳಿ ತಾನಾಗಿ ಬಂದು ಸೇರುವುದಿಲ್ಲ. ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ತೀರಾ ಇಳಿದರೆ, ಎಲ್ಲಾದರೂ ಸೋರಿಕೆ ಇದ್ದರೆ, ರಿಪೇರಿಗೆಂದು ಕೊಳವೆ ಬಿಚ್ಚಿದರೆ ಅದಕ್ಕೆ ದಾರಿ. ನಮ್ಮ ಕಾರಿನಲ್ಲಿ ಆದದ್ದು ಮೂರನೆಯದು. ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತಿತ್ತು. ಡಿಸ್ಕನ್ನು ಹಿಡಿದು ಚಕ್ರ ನಿಲ್ಲಿಸುವ ಪ್ಯಾಡ್ ಸವೆದಾಗಲೂ ಮಟ್ಟ ಇಳಿಯುತ್ತದೆ. ಆದ್ದರಿಂದ ಇಳಿಯಿತೆಂದು ಮೇಲಿಂದ ಸುರಿಯುವ ಮೊದಲು ಕಾರಣ ನೋಡಬೇಕು. ಮುಂದಿನ ಪ್ಯಾಡುಗಳು ದಪ್ಪವಾಗಿಯೇ ಇದ್ದವು. ಹಿಂದಿನ ಎಡಚಕ್ರದ ಡ್ರಮ್ ತೆಗೆದಾಗ ಸಂಗತಿ ಬಯಲಾಯಿತು. ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚಿನಲ್ಲಿ ತೇವ, ಆ ತೇವಕ್ಕೆ ಅಂಟಿಕೊಂಡ ಬ್ರೇಕ್ ಶೂಗಳ ಕರಿಪುಡಿ, ಅದರ ಮೇಲೆ ಬಳ್ಳಾರಿಯ ಕೆಂಪು ಧೂಳು. ಬೆರಳಿನಿಂದ ಒರೆಸಿದರೆ ಕಂದು ಬಣ್ಣದ ಜಿಗುಟು ಕೆಸರು. ಸಿಲಿಂಡರ್ ಬದಲಾಯಿಸಿದೆವು, ತೇವ ಹೀರಿದ ಶೂಗಳನ್ನೂ ಬದಲಾಯಿಸಿದೆವು. ಕೊಳವೆಯ ನಟ್ಟು ಬಿಚ್ಚಿದ ಮೇಲೆ ಗಾಳಿ ಒಳಹೋಗುವುದು ಖಂಡಿತ. ಅಲ್ಲಿಂದ ಬ್ಲೀಡಿಂಗ್ ಕೆಲಸ ಶುರು.

ಪೆಡಲ್ ಮೆತ್ತಗಾದ ಮಾತ್ರಕ್ಕೆ ಎಲ್ಲವೂ ಗಾಳಿಯ ಕಿತಾಪತಿ ಎಂದುಕೊಳ್ಳಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತಪ್ಪು ರೋಗಕ್ಕೆ ಔಷಧಿ ಕೊಟ್ಟರೆ ನಿಜವಾದ ರೋಗ ಒಳಗೇ ಬೆಳೆಯುತ್ತದೆ. ಒತ್ತಿದಂತೆಲ್ಲ ಪಾದದಡಿ ಪುಟಿಯುವ ಭಾವ, ಎರಡು ಮೂರು ಸಲ ಒತ್ತಿದರೆ ಗಟ್ಟಿಯಾಗಿ ಬಿಟ್ಟರೆ ಮತ್ತೆ ಮೆತ್ತಗಾಗುವುದು, ಇದು ಗಾಳಿಯ ಲಕ್ಷಣ. ಪೆಡಲ್ ಬಹಳ ಕೆಳಗೆ ಹೋಗಿ ಆಮೇಲೆ ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ಮಿನ ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾಗಿರಬಹುದು. ಅದಕ್ಕೆ ಹೊಂದಾಣಿಕೆ ಬೇಕು, ಬ್ಲೀಡ್ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ಎಲ್ಲಕ್ಕಿಂತ ಅಪಾಯದ್ದು. ಸಿಗ್ನಲ್‌ನಲ್ಲಿ ನಿಂತು ಪೆಡಲ್ ಮೇಲೆ ಹದವಾಗಿ ಕಾಲಿಟ್ಟಿದ್ದೀರಿ, ಅದು ನಿಧಾನವಾಗಿ, ಸದ್ದಿಲ್ಲದೆ ಕೆಳಗಿಳಿಯುತ್ತಾ ಹೋಗುತ್ತದೆ. ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸೀಲು ಹೋಗಿದೆ. ಅಂಥ ಕಾರನ್ನು ಗ್ಯಾರೇಜಿನವರೆಗೂ ಓಡಿಸಬಾರದು, ಎಳೆಸಿಕೊಂಡು ಹೋಗಬೇಕು.

ಗಾಳಿಯ ಇನ್ನೊಂದು ಮುಖ ಆವಿ. ಸಾಮಾನ್ಯವಾಗಿ ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಎಣ್ಣೆಯೇ ಅಲ್ಲ, ಗ್ಲೈಕಾಲ್ ಈಥರ್‌ಗಳ ಮಿಶ್ರಣ. ಅದಕ್ಕೆ ನೀರನ್ನು ಹೀರಿಕೊಳ್ಳುವ ಗುಣವಿದೆ. ಡಬ್ಬಿಯ ಮುಚ್ಚಳದ ಗಾಳಿಕಿಂಡಿಯಿಂದ, ರಬ್ಬರ್ ಹೋಸಿನ ಗೋಡೆಯಿಂದ ತೇವಾಂಶ ವರ್ಷಗಟ್ಟಲೆ ಸಣ್ಣಗೆ ಒಳಗೆ ಸೇರುತ್ತದೆ. ಬ್ರೇಕ್ ದ್ರವದ ದರ್ಜೆಗಳಿಗೆ ಡಾಟ್ ಎಂಬ ಹೆಸರಿದೆ. ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಡಾಟ್ 4ಕ್ಕೆ 230. ಶೇ. 3.7ರಷ್ಟು ನೀರು ಸೇರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಿತಿ ಕ್ರಮವಾಗಿ 140 ಮತ್ತು 155. ಸಂಡೂರಿನ ಕುಮಾರಸ್ವಾಮಿ ಬೆಟ್ಟದಿಂದ ತುಂಬಿದ ಕಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ, ಅದೂ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಡಿಸ್ಕು ಪ್ಯಾಡುಗಳ ಬಿಸಿ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನೊಳಗಿನ ದ್ರವಕ್ಕೆ ಮುಟ್ಟುತ್ತದೆ. ದ್ರವ ಕುದಿದು ಆವಿಯಾದರೆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ಸರ್ರನೆ ಇಳಿಯುತ್ತದೆ. ಕೆಳಗೆ ಬಂದು ಕಾರು ತಣ್ಣಗಾದಾಗ ಆವಿ ಮತ್ತೆ ದ್ರವವಾಗಿ ಪೆಡಲ್ ಸರಿಯಾಗಿಯೇ ಕಾಣುತ್ತದೆ. ಮೇಲೆ ಏನಾಯಿತೆಂದು ನಂಬದವರು ಇದರಿಂದಲೇ ಮೋಸ ಹೋಗುತ್ತಾರೆ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಎಂಜಿನ್ನಿನ ತಡೆಯನ್ನು ಬಳಸಬೇಕು. ಪೆಟ್ರೋಲ್ ಉಳಿಸುತ್ತೇನೆಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ಎಂಜಿನ್ ನಿಂತರೆ ಪಾದದ ಬಲವನ್ನು ಹೆಚ್ಚಿಸಿ ಕೊಡುವ ಬ್ರೇಕ್ ಬೂಸ್ಟರಿನ ನೆರವೂ ಕೆಲವೇ ಒತ್ತುಗಳಲ್ಲಿ ಮುಗಿಯುತ್ತದೆ.

ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸಲು ಹೇಳುವುದು ಇದೇ ಕಾರಣಕ್ಕೆ. ಬದಲಾವಣೆಗೂ ಗಾಳಿ ತೆಗೆಯುವುದಕ್ಕೂ ವಿಧಾನ ಒಂದೇ, ಆಯಿಲ್ ಮಾತ್ರ ಹೆಚ್ಚು ಬೇಕು. ಕಾರಿನೊಳಗಿನ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿರುತ್ತದೆ, ಅದನ್ನೇ ತರಬೇಕು. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು, ಉಳಿದವುಗಳ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಹೆಸರಿನಲ್ಲಿ ಹತ್ತಿರವಿದ್ದರೂ ಗ್ಲೈಕಾಲ್ ಜಾತಿಗೇ ಸೇರಿದ್ದು. ಸೀಲ್ ಒಡೆಯದ ಡಬ್ಬಿಯೇ ಆಗಬೇಕು. ಮನೆಯಲ್ಲಿ ಅರ್ಧ ಉಳಿದ, ಮುಚ್ಚಳ ತೆರೆದು ತಿಂಗಳುಗಳಾದ ಡಬ್ಬಿಯನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್, ಎಂಜಿನ್ ಆಯಿಲ್ ಯಾವುದೂ ಬ್ರೇಕಿನ ರಬ್ಬರಿನ ಹತ್ತಿರ ಸುಳಿಯಬಾರದು. ಅವು ತಾಗಿದರೆ ಸೀಲುಗಳು ಉಬ್ಬಿ ಹಾಳಾಗುತ್ತವೆ. ಭಾಗಗಳನ್ನು ಡೀಸೆಲಿನಲ್ಲಿ ತೊಳೆಯುವುದು ರೂಢಿಯಾಗಿರುವಲ್ಲಿ ಈ ಮಾತನ್ನು ನಿಂತು ಹೇಳಬೇಕಾಗುತ್ತದೆ.

ಈಗ ಅಂಗಳಕ್ಕೆ ಬರೋಣ. ನಮ್ಮದು ಬಂಡೆ ಹಾಸಿದ ಸಮತಟ್ಟಾದ ಅಂಗಳ, ಅದೊಂದು ಭಾಗ್ಯ. ಮಣ್ಣಿನ ನೆಲದಲ್ಲಿ ಜ್ಯಾಕ್ ಇಡುವ ಧೈರ್ಯ ಮಾಡಬಾರದು. ಎತ್ತುವುದಕ್ಕೆ ಜ್ಯಾಕ್, ಹೊರುವುದಕ್ಕೆ ಸ್ಟ್ಯಾಂಡ್. ಸ್ಟ್ಯಾಂಡ್ ಇಡದೆ ಕಾರಿನ ಅಡಿಗೆ ಕೈ ಹಾಕುವುದಿಲ್ಲ. ಹಿಂದಿನ ಡ್ರಮ್ಮಿನ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕಾದ್ದರಿಂದ ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಒತ್ತುತ್ತೇವೆ. ಎಂಜಿನ್ ಆರಿಸಿರಬೇಕು. ಬೂಸ್ಟರಿನಲ್ಲಿ ಉಳಿದ ಬಲ ಹೋಗುವಂತೆ ಕೆಲವು ಸಲ ಪೆಡಲ್ ಒತ್ತಿಬಿಡಬೇಕು.

ನಮ್ಮ ಊರಿನಲ್ಲಿ ಮೊದಲ ಶತ್ರು ಧೂಳು. ಗಾಳಿ ಹೊರಬಿಡಲು ತೆರೆಯುವ ನಿಪ್ಪಲ್ ಎಂದರೆ ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರಿನ ನೆತ್ತಿಯ ಮೇಲಿರುವ ಟೊಳ್ಳು ಸ್ಕ್ರೂ. ಗಾಳಿ ಮೇಲಕ್ಕೇರುತ್ತದೆ, ಆದ್ದರಿಂದ ಅದನ್ನು ಮೇಲ್ಭಾಗದಲ್ಲೇ ಇಟ್ಟಿರುತ್ತಾರೆ. ಎಡ ಬಲದ ಕ್ಯಾಲಿಪರುಗಳನ್ನು ಅದಲುಬದಲು ಜೋಡಿಸಿದರೆ ನಿಪ್ಪಲ್ ಕೆಳಗೆ ಬಂದು, ದಿನವಿಡೀ ಒತ್ತಿದರೂ ಗಾಳಿ ಹೊರಡುವುದಿಲ್ಲ. ಅದರ ಮೇಲೆ ಪುಟ್ಟ ರಬ್ಬರ್ ಟೋಪಿ ಇರಬೇಕು, ಹಳೆಯ ಕಾರುಗಳಲ್ಲಿ ಅದು ಬಹುತೇಕ ಬಿದ್ದುಹೋಗಿರುತ್ತದೆ. ಆಗ ನಿಪ್ಪಲಿನ ಸಣ್ಣ ತೂತಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ತಂತಿಯ ಬ್ರಷ್ಷಿನಿಂದ ಸುತ್ತ ಉಜ್ಜಿ, ಸಣ್ಣ ತಂತಿಯಿಂದ ತೂತು ಬಿಡಿಸಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿದ ಮೇಲೆ ಮುಂದಿನ ಮಾತು. ಆಯಿಲ್ ಡಬ್ಬಿಯ ಮುಚ್ಚಳವನ್ನೂ ಹಾಗೆಯೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ತೆರೆಯಬೇಕು. ಹಿಡಿತವಿಲ್ಲದ ಪಾನಾ ಹಾಕಿ ನಿಪ್ಪಲಿನ ಮೂಲೆ ಸವೆಸಿದರೆ ಕಥೆ ಮುಗಿಯಿತು. ಸರಿಯಾದ ಅಳತೆಯ ರಿಂಗ್ ಪಾನಾ ಬೇಕು, ಸಾಮಾನ್ಯವಾಗಿ 8 ಅಥವಾ 10 ನಂಬರಿನದು. ತುಕ್ಕು ಹಿಡಿದು ಬಾರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯಬೇಕು, ಹಗುರವಾಗಿ ತಟ್ಟಬೇಕು. ಒಳಗೇ ಮುರಿದರೆ ಕ್ಯಾಲಿಪರನ್ನೇ ಬದಲಾಯಿಸಬೇಕಾದೀತು.

ಅತ್ತೆಯವರು ಕಾರು ಓಡಿಸುವವರಲ್ಲ. ಆದರೆ ಅವರ ಕಾಲಿಗಿರುವ ತಿಳಿವು ಕಾರು ಓಡಿಸುವ ಬಹಳ ಜನರಿಗೆ ಇಲ್ಲ ಎಂದು ನಾನು ನಂಬಿಕೆಯಿಂದ ಹೇಳುತ್ತೇನೆ. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಅವರು ವರ್ಷಗಟ್ಟಲೆ ಮನೆಯಲ್ಲಿಯೇ ಹೊಲಿದುಕೊಟ್ಟವರು. ಕರೆಂಟಿನ ಹೊಲಿಗೆ ಯಂತ್ರದ ಪೆಡಲನ್ನು ಎಷ್ಟು ಒತ್ತಿದರೆ ಸೂಜಿ ಎಷ್ಟು ಓಡುತ್ತದೆ ಎಂಬುದು ಪಾದದ ಲೆಕ್ಕ. ನಾಲ್ಕು ಪದರ ಡೆನಿಮ್ ಬರುವ ತಿರುವಿನಲ್ಲಿ ಒಂದು ಹೊಲಿಗೆ, ನಿಲ್ಲು, ಮತ್ತೊಂದು ಹೊಲಿಗೆ ಎಂದು ಕಾಲಿನಿಂದಲೇ ಅಳೆದು ಬಿಡಬೇಕು. ಮೊದಲ ಸಲ ಕಾರಿನ ಪೆಡಲ್ ಮೇಲೆ ಕಾಲಿಟ್ಟಾಗ ಅವರು ಕೇಳಿದ ಪ್ರಶ್ನೆ, ‘ಎಷ್ಟು ಒತ್ತಲಮ್ಮಾ?’ ಎಂದು. ಬೇರೆ ಯಾರನ್ನು ಕೂರಿಸಿದರೂ ಈ ಪ್ರಶ್ನೆ ಬರುವುದಿಲ್ಲ, ಬ್ರೇಕ್ ಎಂದರೆ ಪೂರ್ತಿ ತುಳಿಯುವುದು ಎಂದೇ ಎಲ್ಲರ ತಿಳುವಳಿಕೆ.

ಈ ಪ್ರಶ್ನೆ ಎಷ್ಟು ಸರಿಯಾದದ್ದು ಎಂದರೆ, ಹಳೆಯ ಕಾರಿನಲ್ಲಿ ಪೆಡಲನ್ನು ನೆಲದವರೆಗೆ ತುಳಿಯಲೇಬಾರದು. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತನ್ನ ಹಾದಿಯ ಮೊದಲ ಭಾಗದಲ್ಲಷ್ಟೇ ಸರಿದಾಡುತ್ತದೆ. ಅದರಾಚೆಯ ಗೋಡೆಯಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೂರ್ತಿ ತುಳಿದರೆ ರಬ್ಬರ್ ಸೀಲು ಆ ಒರಟು ಜಾಗದ ಮೇಲೆ ಹಾಯ್ದು ಹರಿಯಬಹುದು. ಗಾಳಿ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರ್ ಕಳೆದುಕೊಂಡ ಹಾಗಾಗುತ್ತದೆ. ಅದಕ್ಕೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡುತ್ತೇವೆ.

ಹಿಂದಿನ ನಿಪ್ಪಲಿಗೆ ಮೊದಲು ರಿಂಗ್ ಪಾನಾ ತೊಡಿಸಿ, ಆಮೇಲೆ ಪಾರದರ್ಶಕ ನಳಿಕೆ ಸಿಕ್ಕಿಸುತ್ತೇನೆ. ನಳಿಕೆಯ ಇನ್ನೊಂದು ತುದಿ ಒಂದು ಬಾಟಲಿಯಲ್ಲಿ, ಹೊಸ ಆಯಿಲಿನೊಳಗೆ ಮುಳುಗಿರುತ್ತದೆ. ಮುಳುಗಿದ್ದರೆ ಒಂದು ವೇಳೆ ಹಿಂದಕ್ಕೆ ಎಳೆದರೂ ಗಾಳಿಯ ಬದಲು ಆಯಿಲ್ ಹೋಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಆಯಿಲ್ ಕಾರಿನ ಬಣ್ಣಕ್ಕೆ ಬಿದ್ದರೆ ಬಣ್ಣ ಏಳುತ್ತದೆ, ಹಾಗಾಗಿ ಬಕೆಟ್ ನೀರು ಪಕ್ಕದಲ್ಲೇ ಇರುತ್ತದೆ.

ಆಮೇಲೆ ಮಾತು. ನಾನು ಅಲ್ಲಿಂದ ಅತ್ತೆಯವರ ಕಾಲನ್ನು ನೋಡಲಾರೆ, ಅವರು ನನ್ನ ಕೈಯನ್ನು ನೋಡಲಾರರು. ನಡುವೆ ಇರುವುದು ಧ್ವನಿ ಮಾತ್ರ.

‘ಒತ್ತಿ ಅತ್ತೆ.’

ನಿಧಾನವಾಗಿ ಎರಡು ಮೂರು ಸಲ ಒತ್ತಿ ಬಿಟ್ಟು, ಕೊನೆಯದನ್ನು ಒತ್ತಿ ಹಿಡಿದ ಮೇಲೆ ಅವರು ಹೇಳುತ್ತಾರೆ, ‘ಹಿಡಿದಿದ್ದೇನೆ.’

ನಾನು ಪಾನಾವನ್ನು ಕಾಲು ಸುತ್ತು ತಿರುಗಿಸುತ್ತೇನೆ. ನಳಿಕೆಯಲ್ಲಿ ಆಯಿಲ್ ನುಗ್ಗುತ್ತದೆ.

‘ಇಳಿಯಿತು, ಮರಕ್ಕೆ ಬಂತು.’

ನಾನು ನಿಪ್ಪಲ್ ಮುಚ್ಚುತ್ತೇನೆ. ಮುಚ್ಚಿದ ಮೇಲೆ, ಮುಚ್ಚಿದ ಮೇಲೆಯೇ, ‘ಬಿಡಿ’ ಎನ್ನುತ್ತೇನೆ. ಆಗ ಅವರು ಕಾಲು ತೆಗೆಯುತ್ತಾರೆ.

ಇಡೀ ಕೆಲಸದ ಜೀವ ಈ ಕೊನೆಯ ಎರಡು ಹೆಜ್ಜೆಗಳಲ್ಲಿದೆ. ನಿಪ್ಪಲ್ ತೆರೆದಿರುವಾಗ ಪೆಡಲಿನ ಮೇಲಿನ ಕಾಲು ಮೇಲೆದ್ದರೆ ನಿಪ್ಪಲಿನ ಮರೆಯ, ಅಂದರೆ ಸ್ಕ್ರೂವಿನ ಸುರುಳಿ ಗೆರೆಗಳ, ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಹತ್ತು ನಿಮಿಷದ ದುಡಿಮೆ ಒಂದು ಉಸಿರಿನಲ್ಲಿ ವ್ಯರ್ಥ. ಆದ್ದರಿಂದ ನಮ್ಮಲ್ಲಿ ಒಂದು ಒಪ್ಪಂದವಿದೆ. ಮಾಡಿದ ಮೇಲೆ ಹೇಳಬೇಕು, ಮಾಡುವ ಮೊದಲು ಹೇಳಬಾರದು. ಹಿಡಿಯುವ ಮುಂಚೆ ‘ಹಿಡಿದೆ’ ಎನ್ನುವಂತಿಲ್ಲ, ಮುಚ್ಚುವ ಮುಂಚೆ ‘ಬಿಡಿ’ ಎನ್ನುವಂತಿಲ್ಲ. ನಾನು ಸುಮ್ಮನಿದ್ದರೆ ಕಾಲು ಇದ್ದಲ್ಲೇ ಇರಬೇಕು, ಎಷ್ಟು ಹೊತ್ತಾದರೂ. ಒಮ್ಮೆ ನಿಪ್ಪಲ್ ಬಿಗಿಯಾಗಿ ತಿರುಗದೆ ನಾನು ಪಾನಾ ಸರಿಪಡಿಸಿಕೊಳ್ಳುತ್ತಿದ್ದಾಗ ಪಕ್ಕದ ಮನೆಯವರು ಗೇಟಿನ ಬಳಿ ಬಂದು ಅತ್ತೆಯವರನ್ನು ಮಾತನಾಡಿಸಿದರು. ಅವರು ಮಾತಿಗೆ ಮಾತು ಕೊಟ್ಟರು, ಮಾರುಕಟ್ಟೆಯ ಸುದ್ದಿಯನ್ನೂ ಕೇಳಿದರು. ಪೆಡಲಿನ ಮೇಲಿನ ಕಾಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಂಥ ಪಾದದ ಇನ್ನೊಂದು ತುದಿಯಲ್ಲಿ ಪಾನಾ ಹಿಡಿದು ಕೂತವಳಿಗೆ ಎಷ್ಟು ನೆಮ್ಮದಿ ಇರುತ್ತದೆ ಎಂಬುದನ್ನು ಹೇಗೆ ವಿವರಿಸಲಿ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಬಹಳ ಗೌರವದಿಂದ, ತುಸು ದೂರದಿಂದಲೇ ಮಾತನಾಡಿಸುತ್ತಿದ್ದೆವು. ಅಡುಗೆಮನೆಯಲ್ಲಿ ಅವರದೇ ಕ್ರಮ, ನಾನು ಅನುಸರಿಸುವವಳು. ಅಂಗಳದಲ್ಲಿ ಈ ಕೆಲಸಕ್ಕೆ ಕೂತಾಗ ಹೇಳುವ ಸರದಿ ನನ್ನದಾಯಿತು. ಅವರು ಅದನ್ನು ಒಂದಿಷ್ಟೂ ಮುಜುಗರವಿಲ್ಲದೆ ಒಪ್ಪಿಕೊಂಡರು. ಅವರ ಆ ದೊಡ್ಡತನ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ನಳಿಕೆಯಲ್ಲಿ ಕಾಣುವುದನ್ನು ನಾನು ಎಷ್ಟು ಸಲ ನೋಡಿದರೂ ಬೇಸರವಾಗುವುದಿಲ್ಲ. ಮೊದಲು ಬರುವುದು ಚಹಾದ ಬಣ್ಣಕ್ಕೆ ತಿರುಗಿದ ಹಳೆಯ ಆಯಿಲ್. ಅದರ ನಡುವೆ ಉದ್ದುದ್ದ ಗಾಳಿಯ ತುಂಡುಗಳು, ನಳಿಕೆಯ ಅಗಲಕ್ಕೂ ತುಂಬಿಕೊಂಡು ಒಂದರ ಹಿಂದೆ ಒಂದು ಸಾಗುತ್ತವೆ. ಇನ್ನೂ ಕೆಲವು ಒತ್ತಿಗೆ ಅವು ಚಿಕ್ಕದಾಗಿ, ಸಾಸಿವೆ ಕಾಳಿನ ಗಾತ್ರದ ಗುಳ್ಳೆಗಳಾಗುತ್ತವೆ. ನಳಿಕೆಯ ಮೇಲ್ಗೋಡೆಗೆ ಅಂಟಿಕೊಂಡು, ಮುಂದಿನ ಒತ್ತಿಗೆ ಬಿಟ್ಟುಕೊಂಡು ಹೊರಡುತ್ತವೆ. ಕೊನೆಗೆ ತಿಳಿಹಳದಿಯ ಹೊಸ ಆಯಿಲ್ ಎಳೆ ಕಡಿಯದೆ ಬರುತ್ತದೆ. ಅದು ಬಂದ ಕೂಡಲೇ ನಿಲ್ಲಿಸುವುದಿಲ್ಲ, ಇನ್ನೂ ಕೆಲವು ಸಲ ಒತ್ತಿಸಿಯೇ ಮುಚ್ಚುತ್ತೇನೆ. ಅವಸರದಿಂದ ಪೆಡಲ್ ಕುಟ್ಟುವುದರಿಂದ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ, ನೊರೆಯನ್ನು ಹೊರತರುವುದು ಇನ್ನೂ ಕಷ್ಟ. ಆಗ ಒಂದಷ್ಟು ಹೊತ್ತು ಬಿಟ್ಟು ಗುಳ್ಳೆಗಳು ಕೂಡಿಕೊಂಡ ಮೇಲೆ ಮುಂದುವರಿಸುವುದು ಲೇಸು.

ಅಷ್ಟರಲ್ಲಿ ಬಾನೆಟ್ ಕೆಳಗಿನ ಡಬ್ಬಿ ಖಾಲಿಯಾಗುತ್ತಾ ಇರುತ್ತದೆ ಎಂಬುದನ್ನು ಮರೆಯಬಾರದು. ಪ್ರತಿ ಐದಾರು ಒತ್ತಿಗೆ ಎದ್ದು ಹೋಗಿ ನೋಡಿ ತುಂಬಿಸಬೇಕು. ಮಟ್ಟ ಕೆಳಗಿನ ಗೆರೆ ದಾಟಿ ತಳ ಕಂಡರೆ ಮಾಸ್ಟರ್ ಸಿಲಿಂಡರೇ ಗಾಳಿ ಕುಡಿಯುತ್ತದೆ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಯಾವ ಚಕ್ರ ಮೊದಲು ಎಂಬುದಕ್ಕೆ ಹಳಬರು ಹೇಳುವ ಕ್ರಮ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಕಾರುಗಳಲ್ಲಿ ಅದು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಆದರೆ ಇದು ಎಲ್ಲ ಕಾರಿಗೂ ಸಲ್ಲುವುದಿಲ್ಲ. ಮುಂದಿನ ಚಕ್ರದಿಂದ ಎಳೆಯುವ ಬಹಳಷ್ಟು ಕಾರುಗಳಲ್ಲಿ ಬ್ರೇಕಿನ ಕೊಳವೆಗಳು ಕರ್ಣರೇಖೆಯಲ್ಲಿ ಎರಡು ಭಾಗವಾಗಿರುತ್ತವೆ. ಹಿಂದಿನ ಎಡಕ್ಕೂ ಮುಂದಿನ ಬಲಕ್ಕೂ ಒಂದು, ಉಳಿದೆರಡಕ್ಕೆ ಇನ್ನೊಂದು. ಒಂದು ಭಾಗ ಸೋರಿಹೋದರೂ ಒಂದು ಮುಂದಿನ ಮತ್ತು ಒಂದು ಹಿಂದಿನ ಬ್ರೇಕ್ ಉಳಿಯಲಿ ಎಂಬ ಜಾಣತನ ಅದು. ಅಂಥ ಕಾರುಗಳಿಗೆ ಕೆಲವು ಕಂಪನಿಗಳು ಕರ್ಣದ ಕ್ರಮವನ್ನೇ ಹೇಳುತ್ತವೆ. ಸರ್ವಿಸ್ ಪುಸ್ತಕ ಏನು ಹೇಳುತ್ತದೋ ಅದೇ ಸರಿ.

ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರುವ ಕಾರಿನವರಿಗೆ ಒಂದು ಎಚ್ಚರಿಕೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದರ ಘಟಕದೊಳಗೆ ಸಣ್ಣ ವಾಲ್ವುಗಳೂ ಪಂಪೂ ಇವೆ. ಚಕ್ರಗಳಿಗೆ ಹೋಗುವ ಕೊಳವೆಯಲ್ಲಷ್ಟೇ ಗಾಳಿ ಇದ್ದರೆ ಮೇಲಿನ ವಿಧಾನ ಸಾಕಾಗಬಹುದು, ಘಟಕದೊಳಗೇ ಸೇರಿದ್ದರೆ ಸ್ಕ್ಯಾನರ್ ಜೋಡಿಸಿ ಆ ವಾಲ್ವುಗಳನ್ನು ತೆರೆಸಬೇಕು. ಅದು ಗ್ಯಾರೇಜಿನ ಕೆಲಸ. ಜೊತೆಗೆ ಯಾರೂ ಇಲ್ಲದವರಿಗೆ ನಿಪ್ಪಲಿನ ಕಡೆಯಿಂದ ಹೀರುವ ಕೈಪಂಪು ಸಿಗುತ್ತದೆ. ಅದರಲ್ಲಿ ನಿಪ್ಪಲಿನ ಮರೆಯಿಂದಲೂ ಗುಳ್ಳೆ ಬಂದು ಒಳಗಿನ ಗಾಳಿ ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ. ನನಗೆ ಒಪ್ಪಿಗೆಯಾದದ್ದು ಇಬ್ಬರ ವಿಧಾನವೇ.

ನಾಲ್ಕೂ ಮುಗಿದ ಮೇಲೆ ನಿಪ್ಪಲುಗಳನ್ನು ಹದವಾಗಿ ಬಿಗಿದು, ಟೋಪಿ ತೊಡಿಸಿ, ಎಲ್ಲ ಕಡೆ ನೀರು ಹಾಕಿ ತೊಳೆದು ಒಣಗಿಸುತ್ತೇನೆ. ಒಣ ಜಾಗದಲ್ಲಿ ಮತ್ತೆ ತೇವ ಕಂಡರೆ ಸೋರಿಕೆ. ಈಗ ಅತ್ತೆಯವರು ಮರದ ತುಂಡು ತೆಗೆದು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ನಾನು ನಾಲ್ಕೂ ಚಕ್ರಗಳ ಹತ್ತಿರ ಟಾರ್ಚ್ ಹಿಡಿದು ಸುತ್ತು ಹಾಕುತ್ತೇನೆ. ‘ಇಳಿಯುತ್ತಿದೆಯೇ?’ ಎಂದರೆ ‘ಇಲ್ಲಮ್ಮಾ, ನೆಲದ ಹಾಗೆ ನಿಂತಿದೆ’ ಎನ್ನುತ್ತಾರೆ. ಅವರು ಹಾಗೆ ಹೇಳಿದರೆ ನನಗೆ ಬೇರೆ ಮಾಪಕ ಬೇಡ. ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡಿದರೆ ಪೆಡಲ್ ತುಸು ಕೆಳಗಿಳಿದು ನಿಲ್ಲಬೇಕು, ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಮೊದಲ ಸಲ ಇದನ್ನು ಕಂಡು ಮತ್ತೆ ಗಾಳಿ ಬಂತೆಂದು ಗಾಬರಿಯಾಗುವವರುಂಟು.

ಆಮೇಲೆ ಚಕ್ರ ಜೋಡಿಸಿ, ನಟ್ಟು ಬಿಗಿದು, ಅಂಗಳದಲ್ಲೇ ಒಂದು ಮಾರು ಮುಂದೆ ಒಂದು ಮಾರು ಹಿಂದೆ ಓಡಿಸಿ ನಿಲ್ಲಿಸಿ ನೋಡುತ್ತೇನೆ. ನಮ್ಮ ಬೀದಿಯ ಕೊನೆಯವರೆಗೆ ನಡಿಗೆಯ ವೇಗದಲ್ಲಿ ಹೋಗಿ ಬರುತ್ತೇನೆ, ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ. ಹಿಂದಿನ ಚಕ್ರಗಳಿಗೆ ಅದು ತಂತಿಯಿಂದ ಹೋಗುವುದರಿಂದ ದ್ರವದ ಹಂಗು ಅದಕ್ಕಿಲ್ಲ. ಪೆಡಲ್ ಒಂದಿಷ್ಟು ಅನುಮಾನ ಹುಟ್ಟಿಸಿದರೂ ಕಾರು ಮನೆಯಲ್ಲೇ ಉಳಿಯುತ್ತದೆ, ನಾನು ಬಸ್ಸಿನಲ್ಲಿ ಶಾಲೆಗೆ ಹೋಗುತ್ತೇನೆ. ಮೊದಲ ಬಾರಿ ಈ ಕೆಲಸಕ್ಕೆ ಕೈ ಹಾಕುವವರು ಅನುಭವಿ ಮೇಸ್ತ್ರಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಲಿ, ಮುಗಿದ ಮೇಲೆ ಅವರಿಂದಲೇ ಒಮ್ಮೆ ಓಡಿಸಿ ನೋಡಿಸಲಿ. ನಾನು ಕಲಿತದ್ದೂ ಹಾಗೆಯೇ.

ಬಾಟಲಿಯಲ್ಲಿ ಸೇರಿದ ಹಳೆಯ ಆಯಿಲನ್ನು ಡಬ್ಬಿಗೆ ಮತ್ತೆ ಸುರಿಯುವಂತಿಲ್ಲ, ಚರಂಡಿಗೆ ಚೆಲ್ಲುವಂತಿಲ್ಲ, ಎಂಜಿನ್ ಆಯಿಲಿಗೆ ಬೆರೆಸುವಂತೆಯೂ ಇಲ್ಲ. ಅದು ವಿಷ. ಮುಚ್ಚಳ ಬಿಗಿದು, ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟು, ಹಳೆಯ ಆಯಿಲನ್ನು ಬೇರೆಯಾಗಿ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡುತ್ತೇನೆ. ಬಾನೆಟ್ ಒಳಗೆ ಒಂದು ಪಟ್ಟಿ ಅಂಟಿಸಿ ತಿಂಗಳು, ಇಸವಿ, ಡಾಟ್ 4 ಎಂದು ಬರೆಯುತ್ತೇನೆ. ಯಾವ ಮೇಸ್ತ್ರಿ ಬಾನೆಟ್ ತೆರೆದರೂ ಒಳಗಿರುವುದು ಯಾವ ದ್ರವ, ಬದಲಾಯಿಸಿ ಎಷ್ಟು ದಿನವಾಯಿತು ಎಂದು ಕೇಳದೆಯೇ ತಿಳಿಯುತ್ತದೆ. ಅದರ ಕೆಳಗೆ ಮುಂದಿನ ಬದಲಾವಣೆಯ ಇಸವಿಯನ್ನು ಬರೆಸುವವರು ಅತ್ತೆ. ಈಚೆಗೆ ಪಕ್ಕದ ಬೀದಿಯ ಅವರ ತಂಗಿಯ ಮನೆಯ ಕಾರಿಗೂ ಒಂದು ದಿನ ಗೊತ್ತು ಮಾಡಿ ಬಂದಿದ್ದಾರೆ. ಅಲ್ಲಿ ಪಾನಾ ಹಿಡಿಯಬೇಕಾದವಳು ತಂಗಿಯ ಸೊಸೆಯಂತೆ, ನಾನು ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸಾಕಂತೆ.